ಹೊಗೆ ಬಿಟ್ಟವನಿಗೆ ಒಂದು ಕಿವಿಮಾತು

ಮಗಾ,

ಸಿಗರೇಟು ಬಿಟ್ಟು ವೇಪ್ ಹಿಡಿದಿದ್ದೇನೆ ಅಂದೆ. ಆದರೆ ತಂದು ಸ್ವಲ್ಪ ದಿನಕ್ಕೇ ಸೀದ ವಾಸನೆ ಬರುತ್ತಿದೆ, ಜೇಬಿನಲ್ಲೆಲ್ಲ ಸೋರುತ್ತಿದೆ, ಇದರ ಸಹವಾಸವೇ ಬೇಡ ಅನ್ನಿಸಿದೆ ಮಾವ ಅಂತಲೂ ಅಂದೆ. ಆ ಕೊನೆಯ ಮಾತಿಗೆ ಉತ್ತರವಾಗಿ ಇಷ್ಟುದ್ದ ಬರೆಯುತ್ತಿದ್ದೇನೆ. ಇಂಗ್ಲೆಂಡಿನ ಔಷಧದಂಗಡಿಯ ಕೌಂಟರಿನ ಹಿಂದೆ ನಿಂತೇ ನನ್ನ ದುಡಿಮೆಯ ಕಾಲವೆಲ್ಲ ಕಳೆಯಿತು. ಸಿಗರೇಟು ಬಿಡಬೇಕು ಎಂದು ಬಂದವರನ್ನು ಬೇಕಾದಷ್ಟು ನೋಡಿದ್ದೇನೆ. ಬಿಟ್ಟು ಮತ್ತೆ ಹಿಡಿದವರೆಲ್ಲ ಮನಸ್ಸು ಗಟ್ಟಿಯಿಲ್ಲದವರು ಅಂತ ಜನ ಸುಲಭವಾಗಿ ಹೇಳಿಬಿಡುತ್ತಾರೆ. ನಾನು ಕಂಡ ಎಷ್ಟೋ ಜನರ ವಿಷಯದಲ್ಲಿ ಅದು ಸುಳ್ಳು. ಕೈಯಲ್ಲಿದ್ದ ಸಾಮಾನು ಕೆಟ್ಟಿತು, ಗಂಟಲು ಕೆರೆಯಿತು, ಸರಿಮಾಡುವುದು ಹೇಗೆಂದು ಯಾರೂ ಹೇಳಿಕೊಡಲಿಲ್ಲ, ಬೀದಿಯ ಕೊನೆಯ ಅಂಗಡಿಯಲ್ಲಿ ಸಿಗರೇಟು ಇತ್ತು. ಅಷ್ಟೇ. ನಿನಗೆ ಹಾಗಾಗಬಾರದು. ವೇಪ್ ಕೈಯಲ್ಲಿರುವಷ್ಟು ದಿನ ಅದನ್ನು ಶುಚಿಯಾಗಿ ಇಟ್ಟುಕೊಳ್ಳುವುದೂ ಸಿಗರೇಟು ಬಿಡುವ ಕೆಲಸದಲ್ಲಿ ಒಂದು ಪಾಲು ಎಂದು ತಿಳಿ.

ಈ ಮಾತು ಯಾರಿಗೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಸಿಗರೇಟು ಸೇದುತ್ತಿದ್ದು, ಅದರಿಂದ ಬಿಡಿಸಿಕೊಳ್ಳಲು ವೇಪ್ ಹಿಡಿದವರಿಗೆ ಮಾತ್ರ. ಎಂದೂ ಸೇದದವರು ಇದನ್ನು ಮುಟ್ಟಲೇ ಕೂಡದು. 18 ತುಂಬದವರಿಗೆ ಇಲ್ಲಿ ಮಾರುವುದೂ ಅಪರಾಧ. ಬ್ರಿಟನ್ನಿನ ಆರೋಗ್ಯ ಸೇವೆ ಎನ್‌ಎಚ್‌ಎಸ್ ಹೇಳುವುದೂ ಇದನ್ನೇ: ಸಿಗರೇಟಿಗಿಂತ ವೇಪ್‌ನಿಂದ ಆಗುವ ಹಾನಿ ಬಹಳ ಕಡಿಮೆ, ಆದರೆ ಹಾನಿಯೇ ಇಲ್ಲ ಎಂದಲ್ಲ. ಸಿಗರೇಟು ಉರಿದಾಗ ಹುಟ್ಟುವ ಟಾರ್ ಮತ್ತು ಕಾರ್ಬನ್ ಮೋನಾಕ್ಸೈಡ್ ಎಂಬ ಎರಡು ದೊಡ್ಡ ಶತ್ರುಗಳು ಇದರಲ್ಲಿ ಇಲ್ಲ, ಏಕೆಂದರೆ ಇಲ್ಲಿ ಏನೂ ಉರಿಯುವುದಿಲ್ಲ. ಏನೂ ಉರಿಯಬಾರದು ಎಂಬುದನ್ನು ನೆನಪಿಟ್ಟುಕೋ. ಮುಂದೆ ನಾನು ಹೇಳುವ ಹೆಚ್ಚಿನ ಮಾತು ಅಲ್ಲಿಂದಲೇ ಹೊರಡುತ್ತದೆ.

ನಿನ್ನಂಥ ಬಹಳ ಜನರಿಗೆ ಈಗ ಈ ತಾಪತ್ರಯ ಶುರುವಾಗಿರುವುದಕ್ಕೆ ಕಾರಣ ಇದೆ. 2025ರ ಜೂನ್ 1ರಿಂದ ಬ್ರಿಟನ್ನಿನಲ್ಲಿ ಒಮ್ಮೆ ಬಳಸಿ ಬಿಸಾಡುವ ವೇಪ್‌ಗಳ ಮಾರಾಟ ನಿಷೇಧವಾಯಿತು. ಈಗ ಮಾರುವ ವೇಪ್ ಮತ್ತೆ ಚಾರ್ಜ್ ಮಾಡಲು, ಮತ್ತೆ ತುಂಬಿಸಲು ಬರುವಂಥದ್ದಾಗಿರಬೇಕು. ಒಳ್ಳೆಯ ಕಾನೂನೇ. ಆದರೆ ಎಳೆದು ಬಿಸಾಡಿ ಅಭ್ಯಾಸವಾದವರ ಕೈಗೆ ಇದ್ದಕ್ಕಿದ್ದಂತೆ ತೊಳೆದು, ಒರೆಸಿ, ಬಿಡಿಭಾಗ ಬದಲಿಸಿ ನಡೆಸಿಕೊಂಡು ಹೋಗಬೇಕಾದ ಸಾಮಾನು ಬಂತು. ಪೆಟ್ಟಿಗೆಯೊಳಗಿನ ಸಣ್ಣ ಅಕ್ಷರದ ಚೀಟಿಯನ್ನು ಓದುವವರು ಯಾರು?

ಮೊದಲು ಇದರ ಒಳಗೇನಿದೆ ನೋಡು. ಇವತ್ತಿನ ರೂಪದ ವೇಪನ್ನು 2003ರ ಹೊತ್ತಿಗೆ ಕಂಡುಹಿಡಿದವನು ಚೀನಾದ ಹೊನ್ ಲಿಕ್, ನನ್ನ ಹಾಗೇ ಫಾರ್ಮಸಿಸ್ಟ್. ವಿಪರೀತ ಸಿಗರೇಟು ಸೇದುತ್ತಿದ್ದ ಅವನ ತಂದೆ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಅವನು ಮಾಡಿದ ಯಂತ್ರ ಆಮೇಲೆ ಬಹಳ ಬದಲಾಯಿತು, ಆದರೆ ಮೂಲ ಉಪಾಯ ಅದೇ. ಕೆಳಗೆ ಬ್ಯಾಟರಿ. ಮೇಲೆ ದ್ರವ ತುಂಬುವ ಟ್ಯಾಂಕ್, ಇಲ್ಲವೇ ಪ್ಲಾಸ್ಟಿಕ್ಕಿನ ಪಾಡ್. ಅದರ ಹೊಟ್ಟೆಯಲ್ಲಿ ಕಾಯಿಲ್, ಅಂದರೆ ಹತ್ತಿಯ ಬತ್ತಿ ಸುತ್ತಿದ ಸಣ್ಣ ತಂತಿ ಅಥವಾ ಜಾಲರಿ. ತುದಿಯಲ್ಲಿ ಬಾಯಿಗಿಡುವ ಕೊಳವೆ. ಈ ಭಾಗಗಳ ನಡುವೆ ದ್ರವ ಸೋರದಂತೆ ತಡೆಯಲು ರಬ್ಬರಿನ ಸಣ್ಣ ಉಂಗುರಗಳು, ಅವನ್ನು ಓ-ರಿಂಗ್ ಎನ್ನುತ್ತಾರೆ. ದ್ರವದಲ್ಲಿರುವುದು ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ರುಚಿಗೆ ಏನೋ ಒಂದಷ್ಟು, ಜೊತೆಗೆ ನಿಕೋಟಿನ್. ನೀನು ದಮ್ಮು ಎಳೆದಾಗ ತಂತಿ ಕಾಯುತ್ತದೆ, ಬತ್ತಿಯಲ್ಲಿರುವ ದ್ರವ ಆವಿಯಾಗಿ ಬಾಯಿಗೆ ಬರುತ್ತದೆ.

ಆ ಬತ್ತಿ ಒದ್ದೆಯಾಗಿರುವವರೆಗೆ ಎಲ್ಲ ಸರಿ. ಎಣ್ಣೆ ತೀರಿದ ಹಣತೆಯಲ್ಲಿ ಬತ್ತಿಯೇ ಉರಿದು ಕಮಟುವ ಹಾಗೆ, ದ್ರವ ಸಾಲದಾದಾಗ ಇಲ್ಲೂ ಹತ್ತಿ ಸೀಯುತ್ತದೆ. ಜೊತೆಗೆ ಉಳಿದ ಗ್ಲಿಸರಿನ್ ಅಳತೆ ಮೀರಿ ಕಾದು ಒಡೆದು ಫಾರ್ಮಾಲ್ಡಿಹೈಡ್, ಅಕ್ರೋಲಿನ್‌ನಂಥ ವಿಷಗಳಾಗುತ್ತದೆ. ಇವೆರಡೂ ಸಿಗರೇಟಿನ ಹೊಗೆಯಲ್ಲೂ ಇರುವಂಥವು. ಯಾವುದರಿಂದ ತಪ್ಪಿಸಿಕೊಳ್ಳಲು ಸಿಗರೇಟು ಬಿಟ್ಟೆಯೋ ಅದೇ ಹಿಂಬಾಗಿಲಿನಿಂದ ಒಳಗೆ ಬಂದಂತಾಯಿತು. ಹಾಗಾಗಿ ಸೀದ ರುಚಿ ಬಂದರೆ, ಇನ್ನೊಂದು ದಮ್ಮು ಎಳೆದು ನೋಡೋಣ ಅನ್ನಬೇಡ. ಅಲ್ಲಿಗೇ ನಿಲ್ಲಿಸು. ಒಮ್ಮೆ ಕರಿಕಟ್ಟಿದ ಹತ್ತಿ ಎಷ್ಟು ದ್ರವ ಹಾಕಿದರೂ ಮತ್ತೆ ಮೊದಲಿನಂತೆ ಆಗುವುದಿಲ್ಲ.

ಈಗ ತೊಳೆಯುವ ಕ್ರಮಕ್ಕೆ ಬರೋಣ. ವಾರಕ್ಕೊಮ್ಮೆ ಸಾಕು. ದ್ರವದ ರುಚಿ ಬದಲಿಸುವಾಗಲೂ ಒಮ್ಮೆ ತೊಳೆ, ಇಲ್ಲದಿದ್ದರೆ ಪುದಿನದೊಳಗೆ ಮಾವಿನಹಣ್ಣು ಬೆರೆತು ಎರಡೂ ಕೆಡುತ್ತವೆ. ಬೇಕಾಗುವ ಸಾಮಾನು ಎಲ್ಲ ಮನೆಯಲ್ಲೇ ಇರುತ್ತದೆ: ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು ಒಂದು ಹನಿ, ಒಂದು ಬಟ್ಟಲು, ಟೀ ಸೋಸುವ ಹಳೆಯ ಜರಡಿ, ಕಿಚನ್ ಪೇಪರ್, ಕಿವಿಗೆ ಬಳಸುವ ಹತ್ತಿಕಡ್ಡಿ. ಈ ಬಟ್ಟಲು, ಜರಡಿ ಎರಡನ್ನೂ ಇದಕ್ಕೇ ಮೀಸಲಿಡು, ಮತ್ತೆ ಅಡುಗೆಗೆ ಬಳಸಬೇಡ. ಕೈಗೆ ಬಿಸಾಡುವ ಗ್ಲೌಸ್ ಇದ್ದರೆ ಒಳ್ಳೆಯದು.

ಗ್ಲೌಸ್ ಯಾಕೆ ಎಂದು ನಿನಗೆ ಹೆಚ್ಚು ವಿವರಿಸಬೇಕಾಗಿಲ್ಲ. ನೀನು ಪಿರಿಯಾಪಟ್ಟಣದ ಕಡೆಯ ಹುಡುಗ, ಹೊಗೆಸೊಪ್ಪಿನ ಹೊಲ, ಎಲೆ ಒಣಗಿಸುವ ಬ್ಯಾರನ್ನು ನೋಡಿಕೊಂಡೇ ಬೆಳೆದವನು. ಇಬ್ಬನಿಯಲ್ಲೋ ಮಳೆಯಲ್ಲೋ ಒದ್ದೆಯಾದ ಹೊಗೆಸೊಪ್ಪಿನ ಎಲೆ ಕೀಳುವವರಿಗೆ ತಲೆ ಸುತ್ತು, ವಾಂತಿ ಬರುವುದುಂಟು. ಎಲೆಯ ನಿಕೋಟಿನ್ ನೀರಿಗಿಳಿದು ಚರ್ಮದ ಮೂಲಕ ಮೈ ಸೇರುವುದರಿಂದ ಹಾಗಾಗುತ್ತದೆ. ಗ್ರೀನ್ ಟೊಬ್ಯಾಕೊ ಸಿಕ್‌ನೆಸ್ ಎಂದು ವೈದ್ಯಶಾಸ್ತ್ರದಲ್ಲಿ ಅದಕ್ಕೊಂದು ಹೆಸರೇ ಇದೆ. ನಿನ್ನ ಬಾಟಲಿಯಲ್ಲಿರುವುದೂ ಅದೇ ನಿಕೋಟಿನ್, ದ್ರವರೂಪದಲ್ಲಿ. ಕೈ ಮೇಲೆ ಚೆಲ್ಲಿದರೆ ಕೂಡಲೇ ಸೋಪು ಹಾಕಿ ತೊಳೆದುಕೋ. ಒಗೆಯದ ಪ್ಯಾಂಟಿನ ಜೇಬಿನಲ್ಲಿ ಸೋರಿ ತೊಡೆಗೆ ತಾಗುತ್ತಿದ್ದರೂ ಅದು ಬರೀ ಕಲೆಯ ವಿಷಯ ಅಂದುಕೊಳ್ಳಬೇಡ.

ಮೊದಲ ಕೆಲಸ, ಆಫ್ ಮಾಡುವುದು. ಬಟನ್ ಇರುವ ಹೆಚ್ಚಿನವನ್ನು ಐದು ಸಲ ಬೇಗಬೇಗ ಒತ್ತಿದರೆ ಆಫ್ ಆಗುತ್ತವೆ. ಆಮೇಲೆ ಟ್ಯಾಂಕನ್ನು ಬ್ಯಾಟರಿಯಿಂದ ಬೇರೆ ಮಾಡಿ, ಬ್ಯಾಟರಿ ಇರುವ ಭಾಗವನ್ನು ನೀರಿನಿಂದ ದೂರ, ಬೇರೆ ಮೇಜಿನ ಮೇಲೆ ಇಡು. ಅದಕ್ಕೆ ಯಾವತ್ತೂ ನೀರು ಸೋಕಬಾರದು. ಟ್ಯಾಂಕಿನಲ್ಲಿ ಉಳಿದ ಹಳೆಯ ದ್ರವವನ್ನು ಸಿಂಕಿಗೆ ಸುರಿಯಬೇಡ. ಕಿಚನ್ ಪೇಪರಿಗೆ ಹೀರಿಸಿ, ಚೀಲದಲ್ಲಿ ಕಟ್ಟಿ, ಮಕ್ಕಳ ಕೈಗೆ ಸಿಗದ ಕಸದ ಬುಟ್ಟಿಗೆ ಹಾಕು.

ಬಿಚ್ಚುವುದಕ್ಕೆ ಮುಂಚೆ ಫೋನಿನಲ್ಲಿ ಒಂದು ಫೋಟೋ ತೆಗೆದುಕೋ, ಯಾವುದು ಯಾವುದರ ಮೇಲೆ ಕೂರುತ್ತದೆ ಎಂದು ಆಮೇಲೆ ತಡಕಾಡಬೇಕಾಗುವುದಿಲ್ಲ. ಕಾಯಿಲನ್ನು ಹೊರಗೆ ತೆಗೆದು ಪಕ್ಕಕ್ಕಿಡು. ಉಳಿದ ಭಾಗಗಳನ್ನು, ಅಂದರೆ ಗಾಜು, ಮುಚ್ಚಳ, ಬಾಯಿ ಕೊಳವೆ, ತಳದ ಲೋಹ ಇವನ್ನು ಜರಡಿಗೆ ಹಾಕಿ ಬಟ್ಟಲಿನ ಸೋಪು ನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸು. ಜರಡಿ ಹೇಳಿದ್ದು ಆ ಕಪ್ಪು ರಬ್ಬರ್ ಉಂಗುರಗಳಿಗಾಗಿ. ಅಕ್ಕಿಕಾಳಿನಷ್ಟು ದಪ್ಪ ಇರದ ಆ ಉಂಗುರ ಸಿಂಕಿನ ತೂತಿನಲ್ಲಿ ಹೋಯಿತೆಂದರೆ ಇಡೀ ಟ್ಯಾಂಕ್ ದಂಡ. ನೀರು ಕೈ ಇಡಬಹುದಾದಷ್ಟು ಬೆಚ್ಚಗಿದ್ದರೆ ಸಾಕು, ಕುದಿನೀರು ಬೇಡ. ಕುದಿನೀರಿಗೆ ಗಾಜು ಸೀಳುತ್ತದೆ, ರಬ್ಬರು ಸಡಿಲವಾಗುತ್ತದೆ. ಪಾತ್ರೆ ತೊಳೆಯುವ ಯಂತ್ರಕ್ಕಂತೂ ಹಾಕಲೇಬೇಡ.

ಹತ್ತಿಕಡ್ಡಿಯನ್ನು ಒದ್ದೆ ಮಾಡಿ ನಡುವಿನ ಕೊಳವೆಯೊಳಗೆ ಆಡಿಸು. ಅಲ್ಲಿಂದ ಕಂದು ಬಣ್ಣದ ಜಿಗುಟು ಕಿತ್ತು ಬರುತ್ತದೆ. ಎಳೆಯುವಾಗ ಬರುವ ಗುಳುಗುಳು ಸದ್ದಿಗೆ, ಬಾಯಿಗೆ ಹನಿ ಸಿಡಿಯುವುದಕ್ಕೆ ಅದೇ ಮೂಲ. ಎಳೆದ ಆವಿ ತಣ್ಣಗಾಗಿ ಕೊಳವೆಯಲ್ಲೇ ಮತ್ತೆ ದ್ರವವಾಗಿ ನಿಲ್ಲುತ್ತದೆ. ಗಾಳಿ ಬರುವ ಸಣ್ಣ ತೂತುಗಳನ್ನೂ ನೋಡು, ಜೇಬಿನ ನೂಲು, ಧೂಳು ಎಲ್ಲ ಅಲ್ಲಿ ಸೇರಿಕೊಂಡಿರುತ್ತದೆ. ಆಮೇಲೆ ಹರಿಯುವ ನೀರಿನಲ್ಲಿ ಸೋಪು ಪೂರ್ತಿ ಹೋಗುವ ತನಕ ತೊಳೆ. ನಾಳೆ ಬಿಸಿಯಾಗಿ ನಿನ್ನ ಎದೆಯೊಳಗೆ ಹೋಗುವ ಗಾಳಿ ಇದರ ಮೂಲಕವೇ ಬರಬೇಕು, ಸೋಪು ಉಳಿಯಬಾರದು.

ಒಣಗಿಸುವುದರಲ್ಲಿ ಅವಸರ ಮಾಡುವವರೇ ಹೆಚ್ಚು. ಒರೆಸಿದ ಕೂಡಲೇ ಜೋಡಿಸಿಬಿಡುತ್ತಾರೆ. ತಿರುಪಿನ ಸಂದುಗಳಲ್ಲಿ, ಉಂಗುರದ ಅಡಿಯಲ್ಲಿ ನೀರು ಉಳಿದಿರುತ್ತದೆ. ಆ ನೀರು ದ್ರವದ ಜೊತೆ ಸೇರಿದರೆ ಚಟಪಟ ಸಿಡಿಯುತ್ತದೆ, ಬ್ಯಾಟರಿಯ ಕಡೆ ಇಳಿದರೆ ಅಪಾಯ. ಕಿಚನ್ ಪೇಪರಿನ ಮೇಲೆ ಹರಡಿ ರಾತ್ರಿಯೆಲ್ಲ ಬಿಡು. ಇನ್ನೊಂದು ಟ್ಯಾಂಕೋ ಪಾಡೋ ಹೆಚ್ಚಿಗೆ ಇಟ್ಟುಕೊಂಡಿರು, ಆಗ ಇದು ಒಣಗುವವರೆಗೂ ಚಡಪಡಿಸಿ ಸಿಗರೇಟಿನ ಅಂಗಡಿ ಕಡೆ ನೋಡುವ ಪ್ರಸಂಗ ಬರುವುದಿಲ್ಲ.

ಜೋಡಿಸುವಾಗ ಉಂಗುರಗಳಿಗೆ ಒಂದು ಹನಿ ದ್ರವ ಸವರು, ಹರಿಯದೆ ಸಲೀಸಾಗಿ ಕೂರುತ್ತವೆ. ಬಿರಿದ ಅಥವಾ ಚಪ್ಪಟೆಯಾದ ಉಂಗುರ ಕಂಡರೆ ಬದಲಿಸು, ಪೆಟ್ಟಿಗೆಯಲ್ಲೇ ಹೆಚ್ಚಿಗೆ ಕೊಟ್ಟಿರುತ್ತಾರೆ. ತಿರುಪು ಹಾಕುವಾಗ ಮೊದಲು ಹಿಂದಕ್ಕೆ ತಿರುಗಿಸು. ಟಕ್ ಎಂದು ಎಳೆ ಎಳೆಗೆ ಕೂತದ್ದು ಬೆರಳಿಗೆ ಗೊತ್ತಾಗುತ್ತದೆ, ಆಗ ಮುಂದಕ್ಕೆ ತಿರುಗಿಸು. ಬಿಗಿಯಾದ ಮೇಲೂ ಬಲ ಹಾಕಿದರೆ ಮುಂದಿನ ವಾರ ಬಿಚ್ಚಲು ಬರುವುದಿಲ್ಲ, ಗಾಜೂ ಒಡೆಯುತ್ತದೆ.

ಸೋರುವುದಕ್ಕೆ ಅರ್ಧ ಕಾರಣ ತುಂಬುವ ರೀತಿ. ಟ್ಯಾಂಕಿನೊಳಗಿನ ಗಾಳಿಯ ಒತ್ತಡ ಹೊರಗಿಗಿಂತ ಸ್ವಲ್ಪ ಕಡಿಮೆಯಿರುವುದರಿಂದಲೇ ದ್ರವ ಬತ್ತಿಯಿಂದಾಚೆ ಇಳಿಯದೆ ನಿಂತಿರುತ್ತದೆ. ಮುಚ್ಚಳ ತೆಗೆದ ಕೂಡಲೇ ಆ ಹಿಡಿತ ತಪ್ಪಿ ದ್ರವ ಕಾಯಿಲ್ ದಾಟಿ ಕೆಳಗಿಳಿಯುತ್ತದೆ. ಹಾಗಾಗಿ ಮುಚ್ಚಳ ತೆಗೆಯುವ ಮೊದಲು ಗಾಳಿಯ ತೂತು ಮುಚ್ಚುವ ಉಂಗುರ ಇದ್ದರೆ ಮುಚ್ಚಿಬಿಡು. ಬಾಟಲಿಯ ಮೂತಿಯನ್ನು ಪಕ್ಕದ ತೂತಿಗೇ ಇಡು, ನಡುವಿನ ಕೊಳವೆಗೆ ಹನಿ ಬೀಳಬಾರದು. ಕಂಠಮಟ್ಟ ತುಂಬಬೇಡ, ಮೇಲೆ ಒಂದು ಗುಳ್ಳೆಯಷ್ಟು ಗಾಳಿಗೆ ಜಾಗ ಬಿಡು. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೂ ದ್ರವ ತೆಳ್ಳಗಾಗಿ ಸೋರುತ್ತದೆ. ಜೇಬಿನಲ್ಲಿ ಮಲಗಿಸದೆ ನಿಲ್ಲಿಸಿಕೊಂಡು ಒಯ್ಯಿ.

ಇನ್ನು ಕಾಯಿಲ್. ಇದನ್ನು ತೊಳೆದು ಉಳಿಸೋಣ ಎನ್ನುವವರು ತುಂಬ. ಬಿಸಿನೀರಿನಲ್ಲಿ ನೆನೆಸು, ವೋಡ್ಕಾದಲ್ಲಿ ನೆನೆಸು ಎಂದೆಲ್ಲ ಹೇಳಿಕೊಡುವವರೂ ಸಿಗುತ್ತಾರೆ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಕಾಯಿಲನ್ನು ತೊಳೆಯಬೇಡ ಎಂದೇ ನಾನು ಹೇಳುವುದು. ಒಳಗಿರುವುದು ಹತ್ತಿ. ಅದಕ್ಕೆ ಹತ್ತಿದ ಕರಕಲು ನೀರಿಗೆ ಬಿಡುವುದಿಲ್ಲ, ಒಳಗೆ ಹೋದ ನೀರು ಬೇಗ ಆರುವುದೂ ಇಲ್ಲ. ಸಾಮಾನ್ಯವಾಗಿ ಒಂದೆರಡು ವಾರಕ್ಕೆ ಕಾಯಿಲ್ ಬದಲಿಸಬೇಕಾಗುತ್ತದೆ. ರುಚಿ ಮಂಕಾಗುವುದು, ಆವಿ ಕಡಿಮೆಯಾಗುವುದು, ಕೊನೆಗೆ ಸೀದ ವಾಸನೆ, ಇದೇ ಕ್ರಮದಲ್ಲಿ ಸೂಚನೆ ಸಿಗುತ್ತದೆ. ಮೊದಲೆರಡು ಕಂಡಾಗಲೇ ಬದಲಿಸಿದರೆ ಮೂರನೆಯದನ್ನು ಎದೆಗೆ ಎಳೆದುಕೊಳ್ಳುವ ಅಗತ್ಯ ಬೀಳುವುದಿಲ್ಲ. ಕಾಯಿಲ್ ಒಳಗೇ ಸೇರಿಕೊಂಡಿರುವ ಪಾಡ್ ನಿನ್ನದಾದರೆ ಹೊರಗೆ ಒರೆಸಿದರೆ ಸಾಕು. ಅದರ ಆಯುಷ್ಯ ಮುಗಿದ ಮೇಲೆ ಇಡೀ ಪಾಡನ್ನೇ ಬದಲಿಸು.

ಹೊಸ ಕಾಯಿಲನ್ನು ಹಾಕಿದ ತಕ್ಷಣ ಎಳೆಯಬೇಡ. ನಿನಗೆ ಎರಡು ವಾರದೊಳಗೇ ಸೀದದ್ದಕ್ಕೆ ಇದೇ ಕಾರಣ ಇರಬಹುದು. ಪಕ್ಕದ ತೂತುಗಳಲ್ಲಿ ಬಿಳಿ ಹತ್ತಿ ಕಾಣುತ್ತದೆ ನೋಡು, ಅಲ್ಲಿಗೆಲ್ಲ ಒಂದೆರಡು ಹನಿ ದ್ರವ ಮುಟ್ಟಿಸು. ಬಿಳಿ ಹೋಗಿ ಒದ್ದೆ ಬಣ್ಣ ಬರುತ್ತದೆ. ಆಮೇಲೆ ಜೋಡಿಸಿ, ತುಂಬಿ, ಹತ್ತು ನಿಮಿಷ ನಿಲ್ಲಿಸು. ಕಾಯಿಲಿನ ಮೈಮೇಲೆ ಎಷ್ಟು ಓಮ್, ಎಷ್ಟು ವ್ಯಾಟಿನಿಂದ ಎಷ್ಟು ವ್ಯಾಟಿನವರೆಗೆ ಎಂದು ಕೆತ್ತಿರುತ್ತಾರೆ. ಆ ಮಿತಿಯ ಕೆಳತುದಿಯಿಂದ ಶುರುಮಾಡಿ ನಿಧಾನವಾಗಿ ಏರಿಸು, ಮೇಲ್ತುದಿ ದಾಟಬೇಡ.

ದ್ರವ ಮತ್ತು ಕಾಯಿಲ್ ಒಂದಕ್ಕೊಂದು ಹೊಂದಬೇಕು. ಗ್ಲಿಸರಿನ್ ಹೆಚ್ಚಿದ್ದಷ್ಟೂ ದ್ರವ ಮಂದ. ನಿನ್ನದರಂಥ ಸಣ್ಣ ಪಾಡಿನ ಸಣ್ಣ ತೂತಿನೊಳಗೆ ಅದು ಸಲೀಸಾಗಿ ಹೀರಿಕೊಳ್ಳುವುದಿಲ್ಲ, ಬತ್ತಿ ಒಣಗಿ ಸೀಯುತ್ತದೆ. ಎರಡೂ ಸಮಪಾಲಿರುವ ದ್ರವ ಇಂಥವಕ್ಕೆ ಸರಿ. ಇನ್ನೊಂದು, ಸಿಹಿ. ಕೇಕು, ಕಸ್ಟರ್ಡು, ಮಿಠಾಯಿ ರುಚಿಯ ದ್ರವಗಳಲ್ಲಿ ಸುಕ್ರಲೋಸ್‌ನಂಥ ಸಿಹಿಕಾರಕ ಸೇರಿಸಿರುವುದುಂಟು. ಅದು ಆವಿಯಾಗದೆ ತಂತಿಯ ಮೇಲೆ ಕಂದಾಗಿ ಗಟ್ಟಿಕಟ್ಟುತ್ತದೆ. ಕಾಯಿಲ್ ಬೇಗಬೇಗ ಹೋಗುತ್ತಿದ್ದರೆ ಬಣ್ಣವಿಲ್ಲದ, ಸಿಹಿಯಿಲ್ಲದ ದ್ರವಕ್ಕೆ ಬಂದು ನೋಡು. ಮತ್ತೆ, ಒಂದರ ಹಿಂದೊಂದು ದಮ್ಮು ಎಳೆಯಬೇಡ. ನಡುವೆ ಸ್ವಲ್ಪ ಬಿಡುವು ಕೊಟ್ಟರೆ ಬತ್ತಿ ಮತ್ತೆ ನೆನೆಯುತ್ತದೆ.

ಮನೆಯಲ್ಲೇ ಏನಾದರೂ ಬೆರೆಸಿ ಹಾಕುವ ಯೋಚನೆ ಮಾತ್ರ ಕನಸಿನಲ್ಲೂ ಬೇಡ. ಕೊಬ್ಬರಿ ಎಣ್ಣೆ, ನೀಲಗಿರಿ ಎಣ್ಣೆ, ತುಪ್ಪ, ಯಾವ ಎಣ್ಣೆಯೂ ಶ್ವಾಸಕೋಶಕ್ಕೆ ಹೋಗಬಾರದು. 2019ರಲ್ಲಿ ಅಮೆರಿಕದಲ್ಲಿ ವೇಪ್ ಎಳೆದವರ ಶ್ವಾಸಕೋಶ ಏಕಾಏಕಿ ಕೆಟ್ಟು, 2020ರ ಫೆಬ್ರವರಿ ಹೊತ್ತಿಗೆ 2,807 ಜನ ಆಸ್ಪತ್ರೆ ಸೇರಿದ್ದರು ಇಲ್ಲವೇ ತೀರಿಕೊಂಡಿದ್ದರು. ಸತ್ತವರೇ 68 ಮಂದಿ. ಅದಕ್ಕೆ ಮುಖ್ಯ ಕಾರಣ ಗಾಂಜಾ ಅಂಶದ ಕಳ್ಳಮಾಲಿಗೆ ಬೆರೆಸಿದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆಯಂಥ ವಸ್ತು ಎಂದು ತನಿಖೆಯಲ್ಲಿ ಕಂಡುಬಂತು. ನುಂಗಿದರೆ ತೊಂದರೆ ಕೊಡದ, ಚರ್ಮಕ್ಕೆ ಹಚ್ಚುವ ವಸ್ತುವೇ ಅದು, ಆದರೆ ಉಸಿರಿನಲ್ಲಿ ಎಳೆದಾಗ ಪ್ರಾಣ ತೆಗೆಯಿತು. ಬ್ರಿಟನ್ನಿನ ಅಧಿಕೃತ ಅಂಗಡಿಯ ಬಾಟಲಿ ಬಿಟ್ಟು ಗೆಳೆಯರು ಕೊಟ್ಟದ್ದನ್ನು, ಚೀಟಿ ಇಲ್ಲದ್ದನ್ನು ಬಳಸಬೇಡ. 2016ರ ನಿಯಮದ ಪ್ರಕಾರ ಇಲ್ಲಿ ನಿಕೋಟಿನ್ ಮಿಲಿಲೀಟರಿಗೆ 20 ಮಿಲಿಗ್ರಾಂ ಮೀರುವಂತಿಲ್ಲ, ಅದರ ಬಾಟಲಿ 10 ಮಿಲಿಲೀಟರಿಗಿಂತ ದೊಡ್ಡದಿರುವಂತಿಲ್ಲ, ಟ್ಯಾಂಕು 2 ಮಿಲಿಲೀಟರು ದಾಟುವಂತಿಲ್ಲ. ಅದಕ್ಕಿಂತ ದೊಡ್ಡ ಲೆಕ್ಕ ಹೇಳಿ ನಿಕೋಟಿನ್ ದ್ರವ ಮಾರುವ ಅಂಗಡಿಯಿಂದ ಹಾಗೇ ಹೊರಗೆ ಬಾ.

ಬ್ಯಾಟರಿಯ ಬಗ್ಗೆ ನಾನು ಸ್ವಲ್ಪ ಗಡುಸಾಗಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಸೋರಿದ್ದಕ್ಕೆ ಪ್ಯಾಂಟು ಕೆಡುತ್ತದೆ, ಬ್ಯಾಟರಿ ಕೆಟ್ಟರೆ ಮೈ ಸುಡುತ್ತದೆ. ಟ್ಯಾಂಕು ಕೂರುವ ಜಾಗದಲ್ಲಿ ಒಂದು ಸಣ್ಣ ಲೋಹದ ಗುಂಡಿ ಇರುತ್ತದೆ, ವಿದ್ಯುತ್ತು ಹಾಯುವುದು ಅಲ್ಲಿಂದ. ಅಲ್ಲಿ ಜಿಗುಟು ಸೇರಿದರೆ ಆನ್ ಆಗದೆ ಸತಾಯಿಸುತ್ತದೆ. ಒಣ ಹತ್ತಿಕಡ್ಡಿಯಿಂದ ಒರೆಸು, ಹೋಗದಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ಹನಿ ತಾಗಿಸಿ ಒರೆಸು, ಪೂರ್ತಿ ಆರಿದ ಮೇಲೆ ಜೋಡಿಸು. ಔಷಧದಂಗಡಿಯಲ್ಲಿ ಸರ್ಜಿಕಲ್ ಸ್ಪಿರಿಟ್ ಎಂದು ಸಿಗುವುದನ್ನು ಇದಕ್ಕೆ ತರಬೇಡ. ಇಲ್ಲಿನ ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಹರಳೆಣ್ಣೆ, ಮೀಥೈಲ್ ಸ್ಯಾಲಿಸಿಲೇಟ್ ಬೆರೆಸಿರುತ್ತಾರೆ. ಸ್ಪಿರಿಟ್ಟು ಆರಿದರೂ ಅವು ಅಲ್ಲೇ ಪಸೆಯಾಗಿ ಉಳಿಯುತ್ತವೆ.

ಬಟನ್ ಇಲ್ಲದೆ, ಎಳೆದ ಕೂಡಲೇ ಕೆಲಸ ಮಾಡುವ ಪಾಡ್‌ಗಳಲ್ಲಿ ಗಾಳಿಯ ಸೆಳೆತ ಗುರುತಿಸುವ ಸಣ್ಣ ಸೆನ್ಸರ್ ಇರುತ್ತದೆ. ಸೋರಿದ ದ್ರವ ಅದರೊಳಗೆ ಹೋದರೆ ಯಾರೂ ಎಳೆಯದಿದ್ದರೂ ತಾನೇ ಆನ್ ಆಗಿ ಕಾಯುತ್ತಿರುವುದುಂಟು. ಹಾಗೇನಾದರೂ ಕಂಡರೆ ಪಾಡನ್ನು ಕೂಡಲೇ ಕಿತ್ತು ಬೇರೆ ಇಡು, ಆ ಸಾಮಾನನ್ನು ಮತ್ತೆ ಬಳಸಬೇಡ.

ಬ್ಯಾಟರಿ ಬೇರೆಯಾಗಿ ತೆಗೆಯುವಂಥದ್ದನ್ನು ಮುಂದೆ ಕೊಂಡರೆ ಅದರಲ್ಲಿ ಬಹುಶಃ 18650 ಎಂಬ ಸೆಲ್ ಇರುತ್ತದೆ. 18 ಮಿಲಿಮೀಟರ್ ಅಡ್ಡಗಲ, 65 ಮಿಲಿಮೀಟರ್ ಉದ್ದ, ಅದಕ್ಕೇ ಆ ಹೆಸರು. ಅದರ ಮೈಮೇಲಿನ ತೆಳು ಪ್ಲಾಸ್ಟಿಕ್ ಹೊದಿಕೆಯನ್ನು ದಿನಾ ನೋಡು. ಆ ಹೊದಿಕೆಯ ಒಳಗಿನ ಲೋಹದ ಡಬ್ಬಿಯಿಡೀ ಋಣ ತುದಿಯೇ. ಧನ ತುದಿಯ ಹತ್ತಿರ ಹೊದಿಕೆ ಹರಿದರೆ ಎರಡೂ ಒಂದನ್ನೊಂದು ಮುಟ್ಟಲು ಒಂದು ಬೀಗದಕೈ, ಒಂದು ನಾಣ್ಯ ಸಾಕು. ಬಿಡಿ ಸೆಲ್ಲನ್ನು ಜೇಬಿಗೆ ಹಾಕಿಕೊಂಡು ಓಡಾಡಬೇಡ, ಪ್ಲಾಸ್ಟಿಕ್ ಡಬ್ಬಿಯಲ್ಲಿಡು. ಹೊದಿಕೆ ಹರಿದದ್ದನ್ನು, ತಗ್ಗು ಬಿದ್ದದ್ದನ್ನು, ಉಬ್ಬಿದ್ದನ್ನು ಬಳಸಬೇಡ.

ಚಾರ್ಜಿಗೆ ಹಾಕಿ ಮಲಗುವುದು, ಹಾಸಿಗೆಯ ಮೇಲೆ, ದಿಂಬಿನ ಕೆಳಗೆ ಚಾರ್ಜಿಗೆ ಇಡುವುದು ಕೂಡದು. ಗಟ್ಟಿ ಜಾಗದಲ್ಲಿ, ಕಣ್ಣೆದುರಿನಲ್ಲಿ, ಅದರ ಜೊತೆ ಬಂದ ಕೇಬಲ್ಲಿನಲ್ಲೇ ಚಾರ್ಜ್ ಮಾಡು, ತುಂಬಿದ ಮೇಲೆ ತೆಗೆದುಬಿಡು. ನೀವು ಹುಡುಗರು ನಾಲ್ಕು ಜನ ಒಂದು ಮನೆ ಮಾಡಿಕೊಂಡಿದ್ದೀರಿ. ನಿನ್ನ ಕೋಣೆಯಲ್ಲಿ ಹತ್ತಿದ ಬೆಂಕಿ ಉಳಿದ ಮೂವರಿಗೂ ಹತ್ತುತ್ತದೆ. ಹಳೆಯದನ್ನು ಮನೆಯ ಕಸದ ಬುಟ್ಟಿಗೆ ಹಾಕಬೇಡ, ಕಸದ ಲಾರಿಯಲ್ಲಿ ಬ್ಯಾಟರಿ ಜಜ್ಜಿಹೋದಾಗ ಬೆಂಕಿ ಹತ್ತಿಕೊಳ್ಳುತ್ತದೆ. ವೇಪ್ ಮಾರುವ ಅಂಗಡಿಗಳು ಹಳೆಯದನ್ನು ವಾಪಸು ತೆಗೆದುಕೊಳ್ಳಲೇಬೇಕು, ಅಲ್ಲಿಗೆ ಕೊಡು.

ದ್ರವದ ಬಾಟಲಿ ಎಲ್ಲಿದೆ ಎಂಬುದು ಯಾವಾಗಲೂ ನಿನ್ನ ಗಮನದಲ್ಲಿರಲಿ. 10 ಮಿಲಿಲೀಟರಿನ ಆ ಪುಟ್ಟ ಬಾಟಲಿಯಲ್ಲಿ 200 ಮಿಲಿಗ್ರಾಂವರೆಗೆ ನಿಕೋಟಿನ್ ಇರಬಹುದು. ಹಣ್ಣಿನ ಚಿತ್ರ, ಹಣ್ಣಿನ ಪರಿಮಳ. ಮಗುವಿನ ಬಾಯಿಗೆ ಹೋಗಲು ಬೇರೆ ಕಾರಣ ಬೇಕಾಗಿಲ್ಲ. ಮುಚ್ಚಳ ಕ್ಲಿಕ್ ಎಂದು ಕೂತಿತೇ ನೋಡಿ, ಬೀಗ ಹಾಕುವ ಎತ್ತರದ ಕಪಾಟಿನಲ್ಲಿ, ಬಿಸಿಲು ಬೀಳದ ಕಡೆ ಇಡು. ಮಕ್ಕಳಿರುವ ಮನೆಗೆ ಊಟಕ್ಕೆ ಹೋದಾಗ ಕೋಟಿನ ಜೇಬಿನಲ್ಲಿ ಬಿಟ್ಟು ಕೋಟನ್ನು ಕುರ್ಚಿಗೆ ನೇತುಹಾಕಬೇಡ. ಮಗು ನುಂಗಿದೆ ಎಂಬ ಅನುಮಾನ ಬಂದರೂ ವಾಂತಿ ಮಾಡಿಸುವುದು, ಹಾಲು ಕುಡಿಸುವುದು ಇವೆಲ್ಲ ಮಾಡುತ್ತ ಕೂರದೆ 999ಕ್ಕೆ ಫೋನು ಮಾಡು.

ಹಬ್ಬಕ್ಕೆ ಊರಿಗೆ ಹೋಗುವೆ ಎಂದೆಯಲ್ಲ, ಇದನ್ನು ಇಲ್ಲೇ ಬಿಟ್ಟು ಹೋಗು. ಕರ್ನಾಟಕ ಸರ್ಕಾರ 2016ರಲ್ಲೇ ಇ-ಸಿಗರೇಟು ನಿಷೇಧಿಸಿತ್ತು, 2019ರಲ್ಲಿ ಇಡೀ ದೇಶಕ್ಕೇ ಕಾನೂನು ಬಂತು. ತಯಾರಿಕೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲಕ್ಕೂ ನಿಷೇಧ. ಆಮದು, ಮಾರಾಟದಂಥ ಅಪರಾಧಕ್ಕೆ ಮೊದಲ ಸಲವೇ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ನನ್ನ ಸ್ವಂತ ಬಳಕೆಗೆ ಮಾತ್ರ ಎಂದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ವಾದ ಹೂಡುವ ಪರಿಸ್ಥಿತಿ ತಂದುಕೊಳ್ಳಬೇಡ. ಹೊರಡುವ ಮೊದಲು ಫಾರ್ಮಸಿಸ್ಟನ್ನು ಕೇಳಿ ನಿಕೋಟಿನ್ ಪ್ಯಾಚ್ ಅಥವಾ ಗಮ್ ತೆಗೆದುಕೋ. ಊರಿನಲ್ಲಿ ಹಳೆಯ ಗೆಳೆಯರ ಜೊತೆ ನಿಂತಾಗ ಕೈ ತಡೆಯದೆ ಹೋದರೆ 1800-11-2356 ಎಂಬ ಉಚಿತ ಸಂಖ್ಯೆಗೆ ಫೋನು ಮಾಡು, ಅದು ತಂಬಾಕು ಬಿಡುವವರಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ.

ಇಷ್ಟೆಲ್ಲ ಹೇಳಿದ ಮೇಲೆ, ಇದನ್ನು ಜೀವನಪೂರ್ತಿ ತೊಳೆದುಕೊಂಡು ಕೂತಿರು ಎಂದು ನಾನು ಹೇಳುತ್ತಿದ್ದೇನೆ ಎಂದು ತಿಳಿಯಬೇಡ. 2019ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದವರು ಸಿಗರೇಟು ಬಿಡಲು ಬಂದ 886 ಜನರ ಮೇಲೆ ನಡೆಸಿದ ಒಂದು ಅಧ್ಯಯನ ಪ್ರಕಟಿಸಿದರು. ಅರ್ಧ ಜನಕ್ಕೆ ವೇಪ್, ಉಳಿದವರಿಗೆ ಪ್ಯಾಚ್, ಗಮ್ ಮುಂತಾದವು. ಒಂದು ವರ್ಷದ ನಂತರ ವೇಪ್ ಪಡೆದವರಲ್ಲಿ ಶೇಕಡ 18 ಜನ ಸಿಗರೇಟು ಮುಟ್ಟದೆ ಉಳಿದಿದ್ದರು, ಇನ್ನೊಂದು ಗುಂಪಿನಲ್ಲಿ ಶೇಕಡ 9.9. ಹೆಚ್ಚುಕಡಿಮೆ ಎರಡು ಪಟ್ಟು. ನಾನು ನಿನ್ನ ವೇಪನ್ನು ಕಂಡು ಬೈಯದೆ ಇರುವುದಕ್ಕೆ ಅದೇ ಕಾರಣ. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಅಂಕಿಯಿದೆ. ವೇಪ್‌ನಿಂದ ಸಿಗರೇಟು ಬಿಟ್ಟವರಲ್ಲಿ ಶೇಕಡ 80 ಜನ ವರ್ಷ ಕಳೆದರೂ ವೇಪ್ ಎಳೆಯುತ್ತಲೇ ಇದ್ದರು. ಪ್ಯಾಚ್, ಗಮ್ ಬಳಸಿ ಬಿಟ್ಟವರಲ್ಲಿ ಅವನ್ನು ಮುಂದುವರಿಸುತ್ತಿದ್ದವರು ಶೇಕಡ 9 ಮಾತ್ರ. ಸಿಗರೇಟಿನಿಂದ ಇದಕ್ಕೆ ದಾಟುವುದು ಸುಲಭ, ಇದರಿಂದ ಆಚೆಗೆ ದಾಟಲು ಬೇರೆಯೇ ಪ್ರಯತ್ನ ಬೇಕು ಎಂದರ್ಥ.

ಆ ಪ್ರಯತ್ನವನ್ನು ಅವಸರದಲ್ಲಿ ಮಾಡಬೇಡ. ಮತ್ತೆ ಸಿಗರೇಟು ಹಿಡಿಯುವುದಿಲ್ಲ ಎಂದು ನಿನಗೇ ಖಾತ್ರಿಯಾಗುವ ತನಕ ವೇಪ್ ಇರಲಿ. ಖಾತ್ರಿಯಾದ ಮೇಲೆ 20 ಮಿಲಿಗ್ರಾಮಿನಿಂದ 10ಕ್ಕೆ ಬಾ, ಕೆಲವು ವಾರ ಅಲ್ಲೇ ನಿಲ್ಲು, ಆಮೇಲೆ ಇನ್ನೂ ಕೆಳಗಿಳಿ. ಒಂದು ದಮ್ಮಿನಿಂದ ಇನ್ನೊಂದಕ್ಕೆ ಅಂತರ ಹೆಚ್ಚಿಸು. ಮನೆಯೊಳಗೆ ಬೇಡ ಎಂದು ನಿನಗೆ ನೀನೇ ಕಟ್ಟಳೆ ಹಾಕಿಕೋ, ಊಟವಾದ ಮೇಲಿನದು ಕೊನೆಯದು ಎಂದುಕೋ. ಕಡಿಮೆ ಮಾಡಿದಾಗ ಸಿಗರೇಟಿನ ನೆನಪು ಬಲವಾಗಿ ಬಂದರೆ ಒಂದು ಮೆಟ್ಟಿಲು ಹಿಂದಕ್ಕೆ ಬಾ, ಅದರಲ್ಲಿ ನಾಚಿಕೆ ಇಲ್ಲ. ಕೆಮ್ಮೋ ಎದೆ ಬಿಗಿತವೋ ಬಂದರೆ ಮುಚ್ಚಿಡದೆ ಡಾಕ್ಟರಿಗೆ ತೋರಿಸು. ಜೊತೆಗೊಬ್ಬರು ಇದ್ದರೆ ಒಳ್ಳೆಯದೆನಿಸಿದರೆ ನಿಮ್ಮ ಊರಿನ ಸ್ಟಾಪ್ ಸ್ಮೋಕಿಂಗ್ ಸೇವೆಗೆ ಹೋಗು, ಕಾಸು ಕೇಳುವುದಿಲ್ಲ, ಹಂಗಿಸುವುದೂ ಇಲ್ಲ.

ಈ ಭಾನುವಾರ ಹಳೆಯ ಕಾಯಿಲ್ ತೆಗೆದು ಬಿಸಾಡು, ಟ್ಯಾಂಕು ತೊಳೆದು ರಾತ್ರಿ ಒಣಗಲು ಬಿಡು, ಸೋಮವಾರ ಹೊಸ ಕಾಯಿಲನ್ನು ನೆನೆಸಿ ಹಾಕು. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಅಂಗಡಿಗೆ ಓಡುವ ಮೊದಲು ನನಗೆ ಫೋನು ಮಾಡು, ವಿಡಿಯೋದಲ್ಲಿ ತೋರಿಸು, ಹೊತ್ತು ಎಷ್ಟಾದರೂ ಪರವಾಗಿಲ್ಲ. ನೀನು ಸಿಗರೇಟು ಬಿಟ್ಟೆ ಎಂದು ನಿಮ್ಮವ್ವನಿಗೆ ಹೇಳಿದ್ದೇನೆ. ಇದನ್ನೂ ಬಿಟ್ಟ ಸುದ್ದಿಯನ್ನು ಅವಳಿಗೆ ನೀನೇ ಹೇಳಬೇಕು.

ನಿನ್ನ ಮಾವ